ಕೂಲರ್ ಮುಂದೆ ಮಗ್ಗ

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಹೋಗಿ ಉಲ್ಲನ್ ಕೇಳಿದರೆ ಅಂಗಡಿಯವರು "ತೋರಣಕ್ಕಾ?" ಅಂತಲೇ ಕೇಳುತ್ತಾರೆ. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಉಲ್ಲನ್ ಇರುವುದೇ ಬಾಗಿಲಿಗೆ ತೋರಣ ಮಾಡೋಕೆ, ದೇವರ ಫೋಟೋಗೆ ಹಾರ ಹಾಕೋಕೆ. 40 ಡಿಗ್ರಿ ದಾಟುವ ಊರಲ್ಲಿ ನಿಂತು "ಇಲ್ಲ ಅಣ್ಣಾ, ಮಫ್ಲರ್ ಹೆಣೀಬೇಕು" ಅಂದರೆ ಚಿಲ್ಲರೆ ಕೊಡುವಾಗ ಒಂಥರಾ ಮುಖ ನೋಡಿ ಕೊಡುತ್ತಾರೆ. ನಮ್ಮ ಜವಳಿ ಕೋರ್ಸಿನ ಸಿಲೆಬಸ್ ಬರೆದವರು ಚಳಿ ಇರುವ ಊರಿನವರೇ ಇರಬೇಕು.

ಜವಳಿ ಓದೋಳಿಗೆ ಬಳ್ಳಾರಿಗಿಂತ ಬೇರೆ ಊರು ಬೇಕಾ ಅಂತ ನೆಂಟರೆಲ್ಲ ಹೇಳುತ್ತಾರೆ. ಜೀನ್ಸ್ ಊರಲ್ವಾ! ಹೌದು, ಆದರೆ ಇಲ್ಲಿ ಕತ್ತರಿಸುತ್ತಾರೆ, ಹೊಲಿಯುತ್ತಾರೆ, ತೊಳೆಯುತ್ತಾರೆ. ಡೆನಿಮ್ ಬಟ್ಟೆ ಮಾತ್ರ ಹೆಚ್ಚಾಗಿ ಹೊರಗಿನಿಂದಲೇ ಥಾನುಗಟ್ಟಲೆ ಬಂದು ಇಳಿಯುತ್ತದೆ. ಹಾಗಾಗಿ ಮನೆಯಲ್ಲೇ ಒಂದು ಗೇಣು ಡೆನಿಮ್ ನೇಯ್ದು ತೋರಿಸೋಣ ಅಂತ ನನಗೆ ಆಸೆ. ಹಳೇ ಕಿಟಕಿಯ ಚೌಕಟ್ಟಿಗೆ ಮೇಲೂ ಕೆಳಗೂ ಸಾಲಾಗಿ ಮೊಳೆ ಹೊಡೆದು ಮಗ್ಗ ಮಾಡಿದೆ. ಉದ್ದಕ್ಕೆ ಕಟ್ಟುವ ಹಾಸು ಎಳೆಗೆ ನೀಲಿ ನೂಲು, ಅಡ್ಡಕ್ಕೆ ಹೋಗುವ ಹೊಕ್ಕು ಎಳೆಗೆ ಬಿಳಿ. ನೀಲಿ ಎಳೆ ಮೂರು ಹೊಕ್ಕಿನ ಮೇಲೆ ಹೋಗಿ ಒಂದರ ಕೆಳಗೆ ನುಸುಳಬೇಕು, ಪ್ರತಿ ಸಾಲಿಗೂ ಒಂದೊಂದು ಎಳೆ ಪಕ್ಕಕ್ಕೆ ಸರಿಯಬೇಕು. ಜೀನ್ಸ್ ಮೇಲೆ ಓರೆ ಗೆರೆ ಕಾಣುತ್ತಲ್ಲ, ಅದು ಬರುವುದು ಹಾಗೆ. ನಿಮ್ಮ ಪ್ಯಾಂಟು ಹೊರಗೆ ನೀಲಿ, ಒಳಗೆ ಬಿಳಿ ಇರುವುದೂ ಅದಕ್ಕೇ.

ಎರಡು ಬೆರಳು ಅಗಲ ನೇಯುವಷ್ಟರಲ್ಲಿ ಹಾಸಿನ ಎಳೆಗಳು ಪಟ್ ಪಟ್ ಅಂತ ಹರಿಯೋಕೆ ಶುರು. ಗಂಜಿ ಹಾಕಿದರೆ ಗಟ್ಟಿಯಾಗುತ್ತೆ ಅಂತ ಕ್ಲಾಸಲ್ಲಿ ಹೇಳಿದ್ದರು. ಅಮ್ಮ ಬಸಿದಿಟ್ಟಿದ್ದ ಅನ್ನದ ಗಂಜಿಯನ್ನೇ ಸವರಿದೆ. ಬೆಳಗ್ಗೆ ಎದ್ದು ನೋಡಿದರೆ ಇರುವೆಗಳು ಮೇಲಿಂದ ಕೆಳಗೆ ನೆಟ್ಟಗೆ ಸಾಲು ಹಿಡಿದಿದ್ದವು. ಅವುಗಳ ಸಾಲು ನನ್ನದಕ್ಕಿಂತ ನೀಟಾಗಿತ್ತು, ಅದು ಬೇರೆ ಮಾತು. ಅಜ್ಜಿ ಕೂತಲ್ಲಿಂದಲೇ, "ಕಂಬಳಿ ನೇಯೋರು ಹುಣಸೆ ಬೀಜ ಅರೆದು ಕುದಿಸಿ ಗಂಜಿ ಮಾಡಿ ಹಾಕ್ತಿದ್ರವ್ವ, ಅನ್ನದ ಗಂಜಿ ನೀ ಕುಡಿ, ಸೊರಗಿ ಹೋಗೀಯ" ಅಂದಳು.

ಎಳೆ ಹರಿಯೋದಕ್ಕೆ ಕಾರಣ ಗೊತ್ತಾಗಿದ್ದು ಭಾಗ್ಯನಗರಕ್ಕೆ ಹೋದಾಗ. ಕೊಪ್ಪಳದ ಪಕ್ಕದ ಭಾಗ್ಯನಗರ ಅಂದರೆ ಈಗ ಜನ ಕೂದಲ ವ್ಯಾಪಾರ ಅಂತಾರೆ, ಆದರೆ ಅದು ನೇಕಾರರ ಊರು. ಅಲ್ಲಿ ಅತ್ತೆ ಮನೆ ಹತ್ತಿರ ಒಬ್ಬ ಹಿರಿಯರು ನೆಲದಲ್ಲಿ ಕುಣಿ ತೋಡಿದ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಹೊಕ್ಕಿನ ನೂಲು ಹೊತ್ತ ಲಾಳಿ ಆಕಡೆಯಿಂದ ಈಕಡೆಗೆ ಓಡುತ್ತಿತ್ತು, ಅವರು ಮಾತ್ರ ಆರಾಮಾಗಿ ನನ್ನ ಜೊತೆ ಮಾತಾಡುತ್ತಿದ್ದರು. ಹಾಸು ನೆಲಕ್ಕೆ ಹತ್ತಿರ ಇದ್ದರೆ ತಂಪು ಸಿಗುತ್ತೆ, ಒಣ ಗಾಳಿಗೆ ನೂಲು ಪೆಡಸಾಗಿ ಹರಿಯುತ್ತೆ ಅಂದರು. ಹತ್ತಿ ನೂಲು ತೇವ ಇದ್ದಾಗಲೇ ಜಾಸ್ತಿ ಗಟ್ಟಿ ಅಂತ ನಾನೂ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ನಮ್ಮ ಹಾಲ್‌ನಲ್ಲೂ ನೂಲಿರುತ್ತೆ, ಅದಕ್ಕೂ ಸೆಕೆಯಾಗುತ್ತೆ ಅಂತ ಮಾತ್ರ ಹೊಳೆದಿರಲಿಲ್ಲ.

ನಮ್ಮದು ಬಾಡಿಗೆ ಮನೆ, ನೆಲಕ್ಕೆ ಟೈಲ್ಸ್. ಕುಣಿ ತೋಡಿದರೆ ಓನರ್ ನಮ್ಮನ್ನೇ ಅದರಲ್ಲಿ ಹೂಳುತ್ತಿದ್ದರು. ಉಳಿದಿದ್ದು ಕೂಲರ್. ಅದನ್ನು ಮಗ್ಗದ ಮುಂದಕ್ಕೆ ತಿರುಗಿಸಿದೆ ನೋಡಿ, ಎಳೆ ಹರಿಯೋದು ಎಷ್ಟೋ ಕಡಿಮೆಯಾಯಿತು. ಮಧ್ಯಾಹ್ನ ಊಟಕ್ಕೆ ಬಂದ ಅಪ್ಪ ಅಂಗಿ ಬಿಚ್ಚಿ ಎಂದಿನ ಜಾಗದಲ್ಲಿ ಕೂತರು. ಗಾಳಿ ಬರಲಿಲ್ಲ. ಕೂಲರ್ ನೋಡಿದರು, ಮಗ್ಗ ನೋಡಿದರು.

"ಏನವ್ವ, ಅದಕ್ಕೂ ಸೆಕೆನಾ?"

"ಹೂಂ ಅಪ್ಪ, ಹರಿದು ಹೋಗ್ತದೆ."

"ಮತ್ತೆ ನಾನು?"

ಕೊನೆಗೆ ಅಪ್ಪನೇ ಮಗ್ಗದ ಪಕ್ಕಕ್ಕೆ ಚಾಪೆ ಎಳೆದುಕೊಂಡು ಮಲಗಿದರು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಬಂತು ಅಂತ ಅಮ್ಮ ಕೂಗಿದಳು. ಎದ್ದು ಹೋಗಿ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನೋದೇ ಮರೆತು, ಬಲಕ್ಕೆ ಹೊರಟಿದ್ದ ಓರೆ ಗೆರೆ ಎಡಕ್ಕೆ ತಿರುಗಿತು. ಅಂಚು ಬೇರೆ, ಹೊಕ್ಕು ಬಿಗಿಯಾಗಿ ಎಳೆದೂ ಎಳೆದೂ ನಡು ಸಣ್ಣಗಾಗಿ ಬಟ್ಟೆ ಡಮರುಗದ ಆಕಾರಕ್ಕೆ ಬಂದಿತ್ತು. ಮೇಡಂಗೆ "ಝಿಗ್‌ಜ್ಯಾಗ್ ಟ್ವಿಲ್" ಅಂತ ಹೇಳಿ ಕೊಟ್ಟೆ. ಟ್ವಿಲ್ ಅಂದರೆ ಓರೆ ಗೆರೆಯ ನೇಯ್ಗೆ, ಅದರಲ್ಲಿ ಆ ಹೆಸರಿನದು ನಿಜಕ್ಕೂ ಇದೆ. ಹಾಗಾಗಿ ಅವರಿಗೂ ಏನು ಹೇಳಬೇಕೋ ತಿಳಿಯಲಿಲ್ಲ.

ಹೆಣಿಗೆ ಇದಕ್ಕಿಂತ ಸುಲಭ ಅಂತ ಹೇಳುವವರನ್ನು ನಂಬಬೇಡಿ. ನೇಯ್ಗೆಯಲ್ಲಿ ಎಳೆ ಹರಿದರೆ ಗಂಟು ಹಾಕಿ ಮುಂದೆ ಹೋಗಬಹುದು. ಹೆಣಿಗೆಯಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನದು, ಅದರ ಕೆಳಗಿನದು ಅಂತ ಬುಡದವರೆಗೂ ಏಣಿ ಬಿಟ್ಟುಕೊಳ್ಳುತ್ತದೆ. ಇನ್ನು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಅಂತ ಹೆಣೆದರೆ ಮುಂಭಾಗ ನುಣ್ಣಗೆ ಚೆಂದ ಕಾಣುತ್ತೆ, ಆದರೆ ಅಂಚು ತಾನಾಗೇ ಸುರುಳಿ ಸುತ್ತುತ್ತದೆ. ಅದು ಆ ಹೆಣಿಗೆಯ ಗುಣ, ಇಸ್ತ್ರಿ ಹಾಕಿದರೂ ಪೂರ್ತಿ ಹೋಗಲ್ಲ. ನನ್ನ ಮಫ್ಲರ್ ಉದ್ದಕ್ಕೂ ಸುರುಳಿಯಾಗಿ ಪೈಪಿನಂತಾಯಿತು. ತಮ್ಮ ಅದನ್ನು ಎತ್ತಿಕೊಂಡು ಕೂಲರ್‌ನ ನೀರಿನ ಪೈಪಿಗೆ ಹಾಕಿದ. ಅಳತೆ ಸರಿಯಾಗಿತ್ತು.

ನನ್ನ ಡೆನಿಮ್ ಈಗ ಅಡುಗೆಮನೆಯಲ್ಲಿದೆ. ಬಿಸಿ ಪಾತ್ರೆ ಇಳಿಸೋಕೆ ಇದರಂಥ ಮಸಿಬಟ್ಟೆ ಇಲ್ಲ ಅಂತ ಅಮ್ಮ ಪಕ್ಕದ ಮನೆಯವರಿಗೂ ಹೇಳಿದ್ದಾಳೆ. ನಡು ಸಣ್ಣಗಿರೋದರಿಂದ ಹಿಡಿತ ಚೆನ್ನಾಗಿ ಸಿಗುತ್ತಂತೆ.

ಮೊನ್ನೆ ಅಪ್ಪ ಊಟ ಮಾಡುತ್ತಾ, "ಮುಂದಿನ ಸೆಮಿಸ್ಟರ್ ಏನವ್ವ?" ಅಂದರು. ಬಟ್ಟೆಗೆ ಬಣ್ಣ ಹಾಕೋದು ಅಂದೆ. "ಅದಕ್ಕೆ ನೀರು ಎಷ್ಟು ಬೇಕು?" ಸ್ವಲ್ಪ ಜಾಸ್ತಿನೇ ಬೇಕು, ತೊಳೆದಷ್ಟೂ ಬಣ್ಣ ಬಿಡುತ್ತಲ್ಲ ಅಂದೆ. ಅಪ್ಪ ಕೈ ತೊಳೆದವರೇ ಹೊರಗೆ ಹೋಗಿ ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ ಬಂದರು.