ಆಕಾಶದಲ್ಲೊಂದು ಅಡುಗೆಮನೆ

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ನಿಂತು ಲಂಡನ್ನಿನ ‘ಸಿಟಿ’ ಕಡೆ, ಅಂದರೆ ಬ್ಯಾಂಕು-ಕಚೇರಿಗಳ ಪೇಟೆಯ ಕಡೆ ನೋಡಿದರೆ, ಯಾರೋ ಪಾತ್ರೆ ತೊಳೆದು ನೀರು ಇಳಿಯಲಿ ಅಂತ ಸಾಲಾಗಿ ಇಟ್ಟ ಹಾಗೆ ಕಾಣುತ್ತದೆ. ಒಂದು ಗರ್ಕಿನ್, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಸೌತೆ. ಇನ್ನೊಂದು ಚೀಸ್‌ಗ್ರೇಟರ್, ನಮ್ಮ ಮಾತಿನಲ್ಲಿ ತುರಿಯುವ ಮಣೆ. ಮತ್ತೊಂದು ಕ್ಯಾನ್ ಆಫ್ ಹ್ಯಾಮ್, ಹಂದಿಮಾಂಸದ ಡಬ್ಬಿ. ಹೆಚ್ಚೋಕೆ ಬೇಕಲ್ವಾ, ಅದಕ್ಕೆ ಸ್ಕಾಲ್ಪೆಲ್, ಅಂದರೆ ಆಪರೇಷನ್ ಚಾಕು ಅನ್ನೋದೂ ಇದೆ. ಎಲ್ಲವೂ ಗಗನಚುಂಬಿಗಳಿಗೆ ಬಿದ್ದ ಅಡ್ಡಹೆಸರು. ಬಾಗಿಲ ಮೇಲೆ ಬರೆದ ಹೆಸರು ಬೇರೆಯೇ ಇದೆ, ಅದು ಅಂಚೆಯವರಿಗೆ ಬಿಟ್ಟರೆ ಯಾರಿಗೂ ಬೇಡ.

ಈ ಮನೆಗೊಬ್ಬ ಹಿರಿಯ ಇದ್ದಾನೆ. ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ. 111 ಮೀಟರ್ ಎತ್ತರದ ಈ ಅಜ್ಜನೇ ಸುಮಾರು 250 ವರ್ಷ ಊರಿಗೆಲ್ಲ ಎತ್ತರ. ಈಗ ಮೊಮ್ಮಕ್ಕಳು ಅವನ ತಲೆ ಮೇಲೆ ಬೆಳೆದಿದ್ದಾರೆ. ಆದರೂ ಮರ್ಯಾದೆ ಬಿಟ್ಟಿಲ್ಲ ಅನ್ನೋಕೆ ಕಾನೂನಿದೆ. ಕೆಲವು ಜಾಗಗಳಿಂದ ಗುಮ್ಮಟ ಕಾಣುವುದಕ್ಕೆ ಯಾರೂ ಅಡ್ಡ ಬರಬಾರದು. ತುರಿಯುವ ಮಣೆ 225 ಮೀಟರ್ ಇದ್ದರೂ ಹಿಂದಕ್ಕೆ ಒರಗಿ ನಿಂತಿರುವುದು ಅದಕ್ಕೇ. ಫ್ಲೀಟ್ ಸ್ಟ್ರೀಟಿನಲ್ಲಿ ಬರುವವರಿಗೆ ಅಜ್ಜ ಕಾಣಬೇಕಲ್ಲ!

ಒರಗುವ ಕಷ್ಟ ಎಲ್ಲರಿಗೂ ಇಲ್ಲ ಅನ್ನಿ. 20 ಫೆನ್‌ಚರ್ಚ್ ಸ್ಟ್ರೀಟ್‌ನಲ್ಲಿ ಒಂದು ಕಟ್ಟಡ ಇದೆ. ಅಡ್ಡಹೆಸರು ವಾಕಿಟಾಕಿ, ಎತ್ತರ 160 ಮೀಟರ್. ಮರ, ಬೆಟ್ಟ, ದೇವಸ್ಥಾನದ ಗೋಪುರ ಎಲ್ಲವೂ ಮೇಲೆ ಹೋದ ಹಾಗೆ ಸಣ್ಣಗಾಗುತ್ತವೆ. ಇದು ಮಾತ್ರ ಮೇಲೆ ಹೋದ ಹಾಗೆ ಊದಿಕೊಂಡಿದೆ. ಮೇಲಿನ ಮಹಡಿಗೆ ಬಾಡಿಗೆ ಜಾಸ್ತಿ, ಹಾಗಾಗಿ ಮೇಲೆ ಜಾಗವೂ ಜಾಸ್ತಿ. ಬಾಡಿಗೆ ಲೆಕ್ಕದ ಪುಸ್ತಕವನ್ನೇ ಗಾಜಿನಲ್ಲಿ ಎರಕ ಹೊಯ್ದಿದ್ದಾರೆ.

ಅಡುಗೆಮನೆಯಲ್ಲಿ ಇಷ್ಟು ದಿನ ಒಲೆ ಇರಲಿಲ್ಲ. 2013ರಲ್ಲಿ, ಕಟ್ಟಡ ಇನ್ನೂ ಮುಗಿದೇ ಇಲ್ಲ, ಅದೂ ಬಂತು. ದಕ್ಷಿಣದ ಗಾಜಿನ ಗೋಡೆ ಬಾಣಲೆಯ ಹಾಗೆ ಒಳಕ್ಕೆ ಬಾಗಿದೆ. ಬಿದ್ದ ಬಿಸಿಲನ್ನೆಲ್ಲ ಒಟ್ಟುಮಾಡಿ ಕೆಳಗಿನ ಬೀದಿಗೆ ಸುರಿಯಿತು. ಅಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಕನ್ನಡಿ, ಪಟ್ಟಿ ಎಲ್ಲ ಕರಗಿ ಸೊಟ್ಟಗಾದವು. ಒಬ್ಬ ವರದಿಗಾರ ಬಾಣಲೆ ತಂದು ಫುಟ್‌ಪಾತ್ ಮೇಲಿಟ್ಟು ಮೊಟ್ಟೆ ಬೇಯಿಸಿದ. ಕಟ್ಟಿದವರು ಕಾರಿನವರಿಗೆ 946 ಪೌಂಡ್ ರಿಪೇರಿ ಖರ್ಚು ಕೊಟ್ಟರು. ಜೊತೆಗೊಂದು ವಿವರಣೆಯನ್ನೂ ಕೊಟ್ಟರು: ಸೂರ್ಯ ಸದ್ಯ ಆಕಾಶದಲ್ಲಿ ಇರುವ ಎತ್ತರದಿಂದ ಹೀಗಾಗಿದೆ, ದಿನಕ್ಕೆ ಸುಮಾರು 2 ಗಂಟೆ, ಇನ್ನು 2–3 ವಾರ ಇರುತ್ತದೆ.

ತಪ್ಪು ಸೂರ್ಯನದ್ದು. ಅವನಾದರೂ ಅನುಮತಿ ತಗೊಂಡು ಆ ಎತ್ತರಕ್ಕೆ ಹೋಗಬೇಕಿತ್ತು.

ವಿನ್ಯಾಸ ಮಾಡಿದ ರಫಾಯೆಲ್ ವಿನೋಲಿ, ತಾವು ಮೊದಲು ಬಂದಾಗ ಲಂಡನ್ನಿನಲ್ಲಿ ಇಷ್ಟೊಂದು ಬಿಸಿಲು ಇರಲಿಲ್ಲ ಅಂದರು. ಲಾಸ್ ವೇಗಸ್‌ನಲ್ಲಿ ಹಾಗೆ ಹೇಳೋಕೆ ಆಗಲ್ಲ, ಅದು ಮರುಭೂಮಿ. ಅಲ್ಲೂ ಅವರದೇ ವಿನ್ಯಾಸದ ಬಾಗಿದ ಹೋಟೆಲೊಂದು 2010ರಲ್ಲಿ ಈಜುಕೊಳದ ಪಕ್ಕ ಮಲಗಿದ್ದ ಅತಿಥಿಯ ಕೂದಲು ಸುಟ್ಟಿತ್ತು. ಒಂದು ಸಲ ಸೀದರೆ ಒಲೆ ಹೊಸದು ಅನ್ನಬಹುದು. ಕೊನೆಗೆ ಲಂಡನ್ನಿನ ಗಾಜಿಗೆ ಬಿಸಿಲು ತಡೆಯುವ ಪಟ್ಟಿ ಹೊಡೆದರು.

ಉಳಿದ ಪಾತ್ರೆಗಳ ಗುಂಪಿನಿಂದ ದೂರ, ನದಿಯ ಹತ್ತಿರ ಒಂಟಿಯಾಗಿ ನಿಲ್ಲೋಕೆ ವಾಕಿಟಾಕಿಗೆ ಹೇಗೆ ಅನುಮತಿ ಸಿಕ್ಕಿತು? ಮೇಲೆ ಸಾರ್ವಜನಿಕ ಉದ್ಯಾನ ಮಾಡ್ತೀವಿ ಅಂತ ಮಾತು ಕೊಟ್ಟಿದ್ದರು. ಕೆಳಗಿರುವವರ ಆಕಾಶ ತಗೊಂಡು, ಅದರಲ್ಲೊಂದು ತುಂಡನ್ನು ಅವರಿಗೇ ಉಡುಗೊರೆ ಕೊಡುವ ಯೋಜನೆ. ‘ಸ್ಕೈ ಗಾರ್ಡನ್’ 2015ರಲ್ಲಿ ತೆರೆಯಿತು. ಪುಕ್ಕಟೆಯೇ. ಆದರೆ ಸುಮ್ನೆ ಗಾಳಿ ಕುಡಿದು ಬರೋಣ ಅಂತ ಹೊರಡೋಕಾಗಲ್ಲ. ಸಾಮಾನ್ಯವಾಗಿ ಮೊದಲು ಸಮಯ ಕಾಯ್ದಿರಿಸಬೇಕು, ಆಮೇಲೆ ವಿಮಾನ ಹತ್ತುವವರ ಹಾಗೆ ಬ್ಯಾಗು ತಪಾಸಣೆಗೆ ಕೊಡಬೇಕು. ಇಷ್ಟಾದ ಮೇಲೆ ಲಿಫ್ಟು, ಬಾರು, ರೆಸ್ಟೋರೆಂಟು, ನಡುವೆ ಗಿಡ. ಹುಲ್ಲಿನ ಮೇಲೆ ಕಾಲು ಚಾಚಿ ನಿದ್ದೆ ಹೊಡೆಯುವುದನ್ನೇ ಉದ್ಯಾನ ಅಂದುಕೊಂಡಿರುವ ನಮ್ಮಂಥವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ.

ಅದೇ ವರ್ಷ ಬ್ರಿಟನ್ನಿನ ಅತಿ ಕೆಟ್ಟ ಹೊಸ ಕಟ್ಟಡಕ್ಕೆ ಕೊಡುವ ಕಾರ್ಬಂಕಲ್ ಕಪ್ ಇದಕ್ಕೆ ಸಿಕ್ಕಿತು. ಬೆಲೆ ಏನೂ ಇಳಿಯಲಿಲ್ಲ. 2017ರಲ್ಲಿ ಸುಮಾರು 128 ಕೋಟಿ ಪೌಂಡಿಗೆ ಮಾರಾಟವಾಯಿತು. ಕೊಂಡವರು ಹಾಂಗ್‌ಕಾಂಗ್‌ನವರು, ಆಯ್ಸ್ಟರ್ ಸಾಸ್‌ಗೆ ಹೆಸರಾದ ಬಳಗ. ಸೌತೆ, ತುರಿಮಣೆ, ಒಲೆ, ಮೊಟ್ಟೆ ಎಲ್ಲ ಇತ್ತು. ಸಾಸ್ ಒಂದು ಬಾಕಿ ಇತ್ತು.

ಇತ್ತ ಅಜ್ಜನ ಮರ್ಯಾದೆಯ ಕೆಲಸ ನಡೆದೇ ಇದೆ. ಸುಮಾರು 16 ಕಿಲೋಮೀಟರ್ ದೂರದ ರಿಚ್ಮಂಡ್ ಪಾರ್ಕಿನಲ್ಲಿ ಒಂದು ಸಣ್ಣ ದಿಬ್ಬ, ಅದರ ಮೇಲೆ ಮುಳ್ಳೆಲೆಯ ಹಾಲಿ ಗಿಡದ ಬೇಲಿ, ಬೇಲಿಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಗುಮ್ಮಟ ಕಾಣಬೇಕು ಅಂತ ರೆಂಬೆ ಕತ್ತರಿಸಿ ಒಪ್ಪ ಮಾಡುತ್ತಾರೆ. ನಡುವೆ ಯಾರೂ ಕಟ್ಟಲಿಲ್ಲ. 2016ರಲ್ಲಿ ನೋಡಿದರೆ ಗುಮ್ಮಟದ ಹಿಂದುಗಡೆ, ದೂರದ ಸ್ಟ್ರ್ಯಾಟ್‌ಫರ್ಡ್‌ನಲ್ಲಿ, ಅನುಮತಿ ಪಡೆದೇ ಒಂದು ಗಗನಚುಂಬಿ ಎದ್ದಿತ್ತು. ಈಗ ಕಿಂಡಿಗೆ ಕಣ್ಣಿಟ್ಟರೆ ಮೊದಲು ಅಜ್ಜ ಕಾಣುತ್ತಾನೆ. ಅವನ ಹೆಗಲ ಹಿಂದಿನಿಂದ, ಇವತ್ತು ಏನು ಅಡುಗೆ ಅಂತ ಕಾಂಪೌಂಡಿನ ಮೇಲೆ ಇಣುಕುವ ಪಕ್ಕದ ಮನೆಯವರ ಹಾಗೆ, ಅದೂ ನಮ್ಮ ಕಡೆಗೇ ನೋಡುತ್ತಿರುತ್ತದೆ.