ಕಾಗೆಯೂ ಧಣಿಯದೇ, ಕೊಂಬೆಯೂ ಧಣಿಯದೇ

ಹೋಟೆಲ್ ಯಜಮಾನ ಯಾರಾದರೇನು, ದೋಸೆ ಗರಿಗರಿ ಇದ್ದರೆ ಸಾಕು ಅನ್ನುವವನು ನಾನು. ಪತ್ರಿಕೆ ವಿಷಯದಲ್ಲೂ ಅಷ್ಟೇ. ಅದಕ್ಕೇ 2013ರಲ್ಲಿ ಅಮೆಜಾನ್‌ನ ಜೆಫ್ ಬೆಜೋಸ್ 25 ಕೋಟಿ ಡಾಲರ್ ಕೊಟ್ಟು ಅಮೆರಿಕದ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಕೊಂಡಾಗ ಹೆದರಲಿಲ್ಲ. ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣ ಬಯಲಿಗೆಳೆದ ಪತ್ರಿಕೆ, ಯಾರ ಜೇಬಿಗೂ ಹಿಡಿಯಲ್ಲ ಅಂದುಕೊಂಡೆ. 2017ರಲ್ಲಿ ಹೆಸರಿನ ಕೆಳಗೆ ‘ಕತ್ತಲಲ್ಲಿ ಪ್ರಜಾಪ್ರಭುತ್ವ ಸಾಯುತ್ತದೆ’ ಅಂತ ಬೇರೆ ಹಾಕಿಕೊಂಡರು. ಕರೆಂಟ್ ಬಿಲ್ ಯಾರು ಕಟ್ತಾರೆ, ಸ್ವಿಚ್ ಯಾರ ಕೈಲಿದೆ ಅಂತ ಕೇಳೋದು ಮರ್ಯಾದೆ ಅಲ್ಲ ಅಲ್ವಾ, ಸುಮ್ನಿದ್ದೆ.

2024ರ ಅಕ್ಟೋಬರ್ 25. ಚುನಾವಣೆಗೆ 11 ದಿನ. ಟ್ರಂಪ್ ಎದುರು ನಿಂತಿದ್ದ ಕಮಲಾ ಹ್ಯಾರಿಸ್‌ಗೆ ಬೆಂಬಲ ಕೊಡುವ ಸಂಪಾದಕೀಯದ ಕರಡು ತಯಾರಿತ್ತು. ಅದು ಅಚ್ಚಾಗಲಿಲ್ಲ. ಇನ್ನು ಮೇಲೆ ಅಧ್ಯಕ್ಷ ಸ್ಥಾನಕ್ಕೆ ನಿಂತ ಯಾರಿಗೂ ಬೆಂಬಲ ಇಲ್ಲ ಅಂತ ಪ್ರಕಟಣೆ ಬಂತು. ಅದೇ ದಿನ ಬೆಜೋಸರ ರಾಕೆಟ್ ಕಂಪನಿ ಬ್ಲೂ ಒರಿಜಿನ್‌ನ ಮುಖ್ಯಸ್ಥರು ಟ್ರಂಪ್‌ರನ್ನು ಕಂಡು ಬಂದಿದ್ದರು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು. ಭೇಟಿಯ ವಿಷಯ ನನಗೆ ಮೊದಲೇ ಗೊತ್ತಿರಲಿಲ್ಲ, ಗೊತ್ತಾದಾಗ ನಿಟ್ಟುಸಿರು ಬಿಟ್ಟೆ ಎಂದು ಧಣಿ ಬೆಜೋಸರೇ ಬರೆದರು. ಕಾಗೆಯೂ ಅವರದೇ, ಕೊಂಬೆಯೂ ಅವರದೇ. ಆದರೂ ನಂಬೋಣ.

ಇಷ್ಟಕ್ಕೂ ಇದನ್ನೆಲ್ಲ ಮಾಡಿದ್ದೇ ನಂಬಿಕೆ ಬೆಳೆಸೋಕಂತೆ. ಜನ ಪತ್ರಿಕೆಗಳನ್ನು ನಂಬುತ್ತಿಲ್ಲ, ಬೆಂಬಲ ಸೂಚಿಸಿದರೆ ಪಕ್ಷಪಾತ ಅನ್ನಿಸುತ್ತದೆ ಎಂದು ವಿವರಿಸಿದರು. ನಂಬಿಕೆ ಎಷ್ಟು ಬೆಳೆಯಿತು ಅಂದರೆ, ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷ ಚಂದಾದಾರರು ಮನೆ ಖಾಲಿ ಮಾಡಿದರು.

ಆಮೇಲೆ ವ್ಯಂಗ್ಯಚಿತ್ರದ ಪ್ರಸಂಗ. ಪತ್ರಿಕೆಯ ಕಲಾವಿದೆ ಆ್ಯನ್ ಟೆಲ್ನೇಸ್ ಒಂದು ಚಿತ್ರ ಬರೆದರು. ಕೋಟ್ಯಧಿಪತಿಗಳು ಟ್ರಂಪ್ ಪ್ರತಿಮೆ ಮುಂದೆ ದುಡ್ಡಿನ ಚೀಲ ಹಿಡಿದು ಮಂಡಿಯೂರಿದ್ದಾರೆ. ಅದರಲ್ಲಿ ಧಣಿಗಳೂ ಒಬ್ಬರು. ಚಿತ್ರ ವಾಪಸ್ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತೀರಾ? ಛೆ ಛೆ. ಇದೇ ವಿಷಯಕ್ಕೆ ಈಗಾಗಲೇ ಒಂದು ಅಂಕಣ ಬಂದಿದೆ, ಇನ್ನೊಂದು ಬರಲಿದೆ, ಪುನರಾವರ್ತನೆ ಬೇಡ ಅನ್ನೋದಷ್ಟೇ ಕಾರಣ ಎಂದರು ಅಭಿಪ್ರಾಯ ವಿಭಾಗದ ಸಂಪಾದಕರು. ಒಂದೇ ವಿಷಯ ಎರಡು ಸಲ ಬರಬಾರದು ಅಂತ ನಮ್ಮ ಟೀವಿಯವರು ಹಟ ಹಿಡಿದರೆ ಸಂಜೆ ಏಳಕ್ಕೆ ಬರೀ ಜಾಹೀರಾತು ನೋಡಬೇಕಾದೀತು. 2025ರ ಜನವರಿಯಲ್ಲಿ ಟೆಲ್ನೇಸ್ ರಾಜೀನಾಮೆ ಕೊಟ್ಟರು.

ಫೆಬ್ರವರಿಯಲ್ಲಿ ಧಣಿಗಳ ಹೊಸ ಫರ್ಮಾನು. ಅಭಿಪ್ರಾಯದ ಪುಟ ದಿನವೂ ವೈಯಕ್ತಿಕ ಸ್ವಾತಂತ್ರ್ಯ ಮತ್ತು ಮುಕ್ತ ಮಾರುಕಟ್ಟೆಯ ಪರ ಬರೆಯಬೇಕು. ವಿರೋಧ ಬರೆಯೋರು ಬೇರೆ ಪತ್ರಿಕೆ ನೋಡಿಕೊಳ್ಳಲಿ. ಸ್ವಾತಂತ್ರ್ಯ ಕಡ್ಡಾಯ! ಈಗ ಪುನರಾವರ್ತನೆಯೂ ದಿನಾ ನಡೆಯಬಹುದು. ಪುನರಾವರ್ತನೆ ಬೇಡ ಅಂದಿದ್ದ ಸಂಪಾದಕರು ಈ ಸಲ ತಾವೇ ಎದ್ದು ನಡೆದರು.

ಸುದ್ದಿ ಬರೆಯುವವರು ಮಾತ್ರ, ಪಾಪ, ತಮ್ಮ ಕೆಲಸ ಬಿಡಲಿಲ್ಲ. ಟ್ರಂಪ್ ಮೇಲೆ ಗುಂಡು ಹಾರಿದ ಘಟನೆಯ ವರದಿಗೆ ಮೇ ತಿಂಗಳಲ್ಲಿ ಅಮೆರಿಕದ ದೊಡ್ಡ ಪತ್ರಿಕಾ ಪ್ರಶಸ್ತಿ ಪುಲಿಟ್ಜರ್ ಬಂತು. ಪಟ್ಟಿಯಲ್ಲಿ ಪತ್ರಿಕೆಯ ಹೆಸರಿಗೆ ಇನ್ನೊಂದು ಪುಲಿಟ್ಜರ್ ಕೂಡ ಇತ್ತು, ಚಿತ್ರ ವಿಭಾಗದ್ದು. ವಾಷಿಂಗ್ಟನ್ ಪೋಸ್ಟ್‌ನ ಆ್ಯನ್ ಟೆಲ್ನೇಸ್ ಅವರಿಗೆ.