ಚಿಲ್ಲರೆ ವ್ಯಾಪಾರ

ನಾಣ್ಯ ಸಂಗ್ರಹಿಸುವವರ ಮನೆಯಲ್ಲಿ ‘ಒಂದೇ ಥರದ್ದು ಇಷ್ಟೊಂದು ಯಾಕೆ?’ ಎಂಬ ಪ್ರಶ್ನೆ ಎಂದಾದರೊಂದು ದಿನ ಬಂದೇ ಬರುತ್ತದೆ. ನಮ್ಮಲ್ಲಿ ಅದು ಬಂದದ್ದು ಅಟ್ಟ ಗುಡಿಸುವಾಗ. ನಿವೃತ್ತಿಯವರೆಗೂ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನು ನಾನು. ಗಿರಾಕಿಗಳು ತಂದು ಸುರಿಯುತ್ತಿದ್ದ ರಾಶಿಯಲ್ಲಿ ಒಳ್ಳೆಯದೇನಾದರೂ ಕಂಡರೆ ಜೇಬಿನಿಂದ ಅಷ್ಟೇ ಹಣ ಹಾಕಿ ಎತ್ತಿಟ್ಟುಕೊಳ್ಳುತ್ತಿದ್ದೆ. ಹಾಗೆ ಸೇರಿದ 1985ರ ಒಂದು ರೂಪಾಯಿ ನಾಣ್ಯಗಳೇ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಇವೆ. ಆಗ ನಮ್ಮ ಟಂಕಸಾಲೆಗಳು ಹೊಡೆದದ್ದು ಸಾಲದೆ ಸರ್ಕಾರ ಬರ್ಮಿಂಗ್‌ಹ್ಯಾಮಿನಲ್ಲೂ ಅಚ್ಚು ಹಾಕಿಸಿತ್ತು. ಅದರ ಗುರುತಾಗಿ ಒಂದು ಪುಟ್ಟ ‘ಎಚ್’ ಇದೆ.

“ನೋಡು, ಇದು ವಿಲಾಯಿತಿ ಮಾಲು” ಎಂದೆ.

“ಹಾಗಾದರೆ ಒಂದು ಇಟ್ಟುಕೊಳ್ಳಿ. ಉಳಿದದ್ದು ಚಿಲ್ಲರೆ” ಎಂದಳು ನನ್ನ ಹೆಂಡತಿ, ಬಾಟಲಿ ಕುಲುಕುತ್ತ.

ಮಾರುವುದೆಂದು ತೀರ್ಮಾನವಾಯಿತು. ಎಲ್ಲಿ ಎನ್ನುವುದೇ ತಕರಾರು. ಇಬೇ ಎಂಬ ಮಾರಾಟದ ಜಾಲತಾಣದ ಭಾರತದ ಅಂಗಡಿ 2018ರಲ್ಲೇ ಬಾಗಿಲು ಹಾಕಿದೆ. ವಿದೇಶದ ತಾಣಗಳಲ್ಲಿ ಮಾರೋಣವೆಂದರೆ 1972ರ ಪುರಾತನ ವಸ್ತುಗಳ ಕಾಯಿದೆ ಅಡ್ಡ ನಿಲ್ಲುತ್ತದೆ: ನೂರು ವರ್ಷ ತುಂಬಿದ ನಾಣ್ಯವನ್ನು ನಮ್ಮಂಥವರು ದೇಶದಾಚೆ ಕಳಿಸುವ ಹಾಗಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯ ವಿಷಯದಲ್ಲಿ ಇದನ್ನು ಒಪ್ಪಬಹುದು. ಆದರೆ ಐದನೆಯ ಜಾರ್ಜನ ಕಾಲಾಣೆಗಳೂ ನನ್ನ ಡಬ್ಬಿಯಲ್ಲಿ ಮಲಗಿದಲ್ಲೇ, ವರ್ಷಕ್ಕೊಂದು ಇಸವಿಯಂತೆ, ಪುರಾತನವಾಗುತ್ತ ಹೋಗುತ್ತಿವೆ. ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಇನ್ನೊಂದಿಷ್ಟಕ್ಕೆ ನೂರು ತುಂಬಿರುತ್ತದೆ.

ಹರಾಜು ಸಂಸ್ಥೆಗಳ ಮಾತು ಬೇಡ. ಹೊಯ್ಸಳರ ಗದ್ಯಾಣ, ವಿಜಯನಗರದ ವರಾಹ, ಮೈಸೂರಿನ ಕಂಠೀರಾಯ ಹಣ ಎಂದರೆ ಕುರ್ಚಿ ಎಳೆದು ಕೂರಿಸುವವರು, ಹಾರ್ಲಿಕ್ಸ್ ಬಾಟಲಿ ಎಂದರೆ ಬಾಗಿಲಲ್ಲೇ ನಮಸ್ಕಾರ ಹೇಳುತ್ತಾರೆ. ನ್ಯೂಮಿಸ್ಟಾ ಎಂಬ ತಾಣದಲ್ಲಿ ದೇಶವಿದೇಶದವರು ತಮ್ಮ ಹೆಚ್ಚುವರಿ ನಾಣ್ಯಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ಅದರಿಂದ ಬಾಟಲಿ ಖಾಲಿಯಾಗುವುದಿಲ್ಲ, ಒಳಗಿರುವುದರ ಭಾಷೆ ಬದಲಾಗುತ್ತದೆ ಅಷ್ಟೇ. ಹೆಂಡತಿ ಇದನ್ನು ನನಗಿಂತ ಮೊದಲೇ ಕಂಡುಹಿಡಿದಳು.

ಹಳೆಯ ಸೋಫಾ, ಬೈಕುಗಳ ಜಾಹೀರಾತು ಹಾಕುವ ತಾಣವೊಂದರಲ್ಲಿ ‘ಹಳೆಯ ನಾಣ್ಯಗಳು ಮಾರಾಟಕ್ಕಿವೆ’ ಎಂದು ಹಾಕಿದೆ. ಫೋನಿಗೆ ಬಿಡುವಿಲ್ಲದಾಯಿತು. ವಿಚಿತ್ರವೆಂದರೆ ಕರೆ ಮಾಡಿದವರೆಲ್ಲ ನನಗೇ ಮಾರಲು ಬಂದವರು!

“ಸಾರ್, ನನ್ನ ಹತ್ತಿರ ವೈಷ್ಣೋದೇವಿ ಇದೆ. ಎಷ್ಟು ಕೊಡುತ್ತೀರಿ?”

“ಯಾವ ಇಸವಿ?”

“2012. ವಿಡಿಯೋದಲ್ಲಿ ಹತ್ತು ಲಕ್ಷ ಎಂದಿದ್ದಾರೆ. ನೀವು ಹಿರಿಯರು, ಎಂಟಕ್ಕೆ ಮುಗಿಸೋಣ.”

ಅದು ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಯ ನಾಣ್ಯ, ಅಂಗಡಿಯಲ್ಲಿ ಕೊಟ್ಟರೆ ಐದು ರೂಪಾಯಿಯ ಬಿಸ್ಕತ್ತು ಬರುತ್ತದೆ ಎಂದು ವಿವರಿಸಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಿಮಗೆ ನಾಣ್ಯದ ಬಗ್ಗೆ ಗೊತ್ತಿಲ್ಲ ಎಂದು ಕಾಣುತ್ತದೆ” ಎಂದು ಫೋನಿಟ್ಟರು.

ಕೊಳ್ಳುವವನೆಂದು ಬಂದವನು ಒಬ್ಬನೇ. ಚೌಕಾಸಿ ಇಲ್ಲ, ಚಿತ್ರ ಕೇಳಲಿಲ್ಲ, ಇಡೀ ಬಾಟಲಿಗೆ ಮೂರು ಲಕ್ಷ. ರಿಸರ್ವ್ ಬ್ಯಾಂಕಿನ ಅನುಮತಿ ಶುಲ್ಕವೆಂದು ನಾನು ಎರಡು ಸಾವಿರ ಮೊದಲು ಕಳಿಸಬೇಕಂತೆ. ಇಂಥವರನ್ನು ನಂಬಬೇಡಿ, ನಾವು ಯಾರಿಗೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಣೆ ಹೊರಡಿಸಿತ್ತು. ಆದರೂ ಹಳೆಯ ಚಾಳಿ, ವಿಚಾರಿಸದೆ ಬಿಡಲಾಗಲಿಲ್ಲ.

“ರಿಸರ್ವ್ ಬ್ಯಾಂಕಿನ ಯಾವ ಶಾಖೆಯಪ್ಪ ನಿಮ್ಮದು?”

“ಹೆಡ್ ಆಫೀಸ್ ಸಾರ್, ದೆಹಲಿ.”

“ಮುಂಬೈಯಿಂದ ಯಾವಾಗ ಎತ್ತಿದರು?”

ಪಾಪ, ಉತ್ತರ ಕೊಡುವ ಮೊದಲೇ ಸಂಪರ್ಕ ಕಡಿದುಹೋಯಿತು.

ಕೊನೆಗೆ ಸೇರಿದ್ದು ಸಂಗ್ರಾಹಕರದೇ ಒಂದು ವಾಟ್ಸ್ಆ್ಯಪ್ ಗುಂಪಿಗೆ. ಉಳಿದ ಕಡೆಗಳಿಗಿಂತ ಇದೇ ವಾಸಿ ಎಂದು ಈಗಲೂ ಹೇಳುತ್ತೇನೆ. ಇಲ್ಲಿ ನಾಣ್ಯದ ಮೇಲಿನ ಟಂಕಸಾಲೆಯ ಗುರುತೆಂದರೆ ನೊಯಿಡಾಕ್ಕೆ ಚುಕ್ಕೆ, ಹೈದರಾಬಾದಿಗೆ ನಕ್ಷತ್ರ, ಮುಂಬೈಗೆ ವಜ್ರ, ಕೋಲ್ಕತ್ತಕ್ಕೆ ಯಾವ ಗುರುತೂ ಇಲ್ಲ ಎಂದು ಯಾರಿಗೂ ಪಾಠ ಹೇಳಬೇಕಾಗಿಲ್ಲ. ನನ್ನ ವಿಲಾಯಿತಿ ರೂಪಾಯಿಯ ಚಿತ್ರ ಹಾಕಿದಾಗ ಒಬ್ಬರು, “ನಮ್ಮಲ್ಲೂ ಒಂದು ಡಬ್ಬಿ ಇದೆ” ಎಂದರು. ಇನ್ನೊಬ್ಬರು, “ನಮ್ಮಲ್ಲಿ ಎರಡು” ಎಂದರು. ಅಷ್ಟಕ್ಕೆ ಆ ಹರಾಜು ಮುಗಿಯಿತು.

ಕಮಲದ ಹೂವಿರುವ, 1970ರ ಇಪ್ಪತ್ತು ಪೈಸೆಗೆ ಮಾತ್ರ ಜೀವ ಬಂತು. ಹಿತ್ತಾಳೆ ಬಣ್ಣದ ಈ ನಾಣ್ಯದಲ್ಲಿ ಚಿನ್ನ ಬೆರೆಸಿದ್ದಾರೆ ಎಂದು ನಮ್ಮಜ್ಜಿ ಕೊನೆಯವರೆಗೂ ನಂಬಿದ್ದರು. ಹತ್ತು ಹತ್ತು ರೂಪಾಯಿ ಏರುತ್ತ, ರಾತ್ರಿ ಒಂಬತ್ತರ ಗಡುವು ಹತ್ತಿರವಾಗುತ್ತಿದ್ದಂತೆ ಬೆಲೆ ತೊಂಬತ್ತು ಮುಟ್ಟಿತು. ಆಗ ಬೆಳಗಾವಿಯವರೊಬ್ಬರು ಕೇಳಿದರು: “ಇಷ್ಟು ಹೊಳೆಯುತ್ತಿದೆಯಲ್ಲ, ತೊಳೆದಿದ್ದೀರಾ?”

ತೊಳೆದದ್ದು ನಮ್ಮ ಅತ್ತಿಗೆ. ಆಯುಧಪೂಜೆಗೆ ಬಂದವರು ಮನೆಯ ದೀಪ, ತಂಬಿಗೆಗಳ ಜೊತೆ ಇದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ, ಪಳಪಳ ಮಾಡಿ, ಕುಂಕುಮವನ್ನೂ ಇಟ್ಟಿದ್ದರು. ಸಂಗ್ರಾಹಕನಿಗೆ ಬೇಕಾದದ್ದು ನಾಣ್ಯಕ್ಕೆ ತಾನಾಗಿ ಕೂತ ಮಾಸಲು ಬಣ್ಣ. ತಿಕ್ಕಿದ ನಾಣ್ಯಕ್ಕೆ ಅರ್ಧ ಮರ್ಯಾದೆಯೂ ಇಲ್ಲ. ವಿಷಯ ತಿಳಿಸುತ್ತಿದ್ದಂತೆ ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು, ಸಂತಾಪ ಸೂಚಿಸುವಾಗ ಬರುವ ಹಾಗೆಯೇ. ಬೆಳಗಾವಿಯವರು ದೊಡ್ಡ ಮನಸ್ಸು ಮಾಡಿ ನಲವತ್ತಕ್ಕೆ ಒಪ್ಪಿದರು, ಅಂಚೆ ಖರ್ಚು ನನ್ನದು ಎಂಬ ಷರತ್ತಿನ ಮೇಲೆ.

ಮರುದಿನ ಲಕೋಟೆ ಹಿಡಿದು ಅಂಚೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಅದನ್ನು ಅದುಮಿ ನೋಡಿದರು.

“ಒಳಗೆ ಏನಿದೆ?”

“ನಾಣ್ಯ.”

“ಎಷ್ಟರದ್ದು?”

“ಇಪ್ಪತ್ತು ಪೈಸೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇಪ್ಪತ್ತೈದು ಪೈಸೆಯ ತನಕ ಎಲ್ಲವನ್ನೂ 2011ರಲ್ಲೇ ನಿಲ್ಲಿಸಿದ್ದಾರೆ, ಗೊತ್ತಲ್ಲ?”

ಬ್ಯಾಂಕಿನಲ್ಲಿದ್ದವನಿಗೆ ಗೊತ್ತಿಲ್ಲದೆ ಏನು! ಹೌದೆಂದು ತಲೆಯಾಡಿಸಿದೆ. ನನ್ನ ಹಿಂದೆ ಸಾಲಿನಲ್ಲಿದ್ದ ಹುಡುಗ ಇಷ್ಟನ್ನೂ ಕೇಳಿಸಿಕೊಂಡು ಮೆಲ್ಲಗೆ ಭುಜ ಮುಟ್ಟಿದ.

“ಅಂಕಲ್, ನಂಬರ್ ಕೊಡಿ. ಅವರಿಗೆ ನಾನೇ ಒಂದು ರೂಪಾಯಿ ಫೋನ್‌ಪೇ ಮಾಡಿಬಿಡುತ್ತೇನೆ. ಉಳಿದದ್ದು ಅವರೇ ಇಟ್ಟುಕೊಳ್ಳಲಿ.”